ವಿಳಾಸದ ಚೊಕ್ಕತನವೂ ವಿಳಾಸದ ಸ್ಥಿರತೆಯೂ: ಜ್ಯಾಂಗೊ ಚೌಕಟ್ಟಿನ ರೂಟಿಂಗ್ ಕ್ರಮದ ವಿಮರ್ಶೆ

1

ಇತಿಹಾಸದ ಅಧ್ಯಾಪಕನೊಬ್ಬನು ಗಣಕಯಂತ್ರದ ವಿಷಯವನ್ನೆತ್ತಿಕೊಂಡು ಈ ಪತ್ರಿಕೆಯಲ್ಲಿ ಬರೆಯಹೊರಟಿರುವುದು ವಾಚಕರಲ್ಲಿ ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದುದರಿಂದ ಮೊದಲು ಈ ಸಾಹಸಕ್ಕೆ ಕಾರಣವಾದ ಸಂದರ್ಭವನ್ನು ನಿವೇದಿಸುವುದು ಉಚಿತ.

ಕಳೆದ ವರ್ಷ ಎಂ.ಎ. ವಿದ್ಯಾರ್ಥಿಯೊಬ್ಬನ ಪ್ರಬಂಧವನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಪುಸ್ತಕಗಳ ಪುಟಸಂಖ್ಯೆಗಳೊಡನೆ ವೆಬ್ ವಿಳಾಸಗಳೂ ಹೇರಳವಾಗಿದ್ದುವು. ಅವುಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಹಲವು ಕಡೆಗಳಲ್ಲಿ 404 ಎಂಬ ಸಂಖ್ಯೆಯೂ, ಕೇಳಿದ ಪುಟ ಇಲ್ಲವೆಂಬ ಒಕ್ಕಣೆಯೂ ಎದುರಾದುವು. ವಿದ್ಯಾರ್ಥಿಯು ಆಧಾರಗಳನ್ನು ಕಲ್ಪಿಸಿಕೊಂಡಿರುವನೆಂದೇ ನಾನು ಶಂಕಿಸಿದೆನು. ವಿಚಾರಿಸಲಾಗಿ ತಿಳಿದುಬಂದ ಸಂಗತಿಯೇ ಬೇರೆ. ಆ ದಾಖಲೆಗಳನ್ನು ಇಟ್ಟಿದ್ದ ಸಂಸ್ಥೆಯು ತನ್ನ ತಾಣವನ್ನು ಹೊಸದಾಗಿ ಕಟ್ಟಿಸಿತ್ತು. ಎಲ್ಲ ದಾಖಲೆಗಳೂ ಅಲ್ಲಿಯೇ ಇದ್ದುವು. ಅವುಗಳಿಗೆ ಹೋಗುವ ದಾರಿ ಮಾತ್ರ ಅಳಿದಿತ್ತು. ಪ್ರಾಮಾಣಿಕನಾದ ವಿದ್ಯಾರ್ಥಿಯೊಬ್ಬನು ಸುಳ್ಳುಗಾರನಂತೆ ಕಾಣುವ ಸ್ಥಿತಿ ಹೀಗೆ ಒದಗಿತು.

ದಾರಿ ಅಳಿಯುವುದು ಹೇಗೆ, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯ ಬೆನ್ನುಹತ್ತಿದಾಗ, ವೆಬ್ ತಾಣಗಳನ್ನು ಕಟ್ಟಲು ಬಳಸುವ ಚೌಕಟ್ಟುಗಳಲ್ಲಿ ‘ರೂಟಿಂಗ್’ ಎಂಬ ಭಾಗವೊಂದುಂಟೆಂದೂ, ವಿಳಾಸಗಳ ಹುಟ್ಟು ಮತ್ತು ಸಾವು ಅಲ್ಲಿಯೇ ನಡೆಯುತ್ತವೆಂದೂ ತಿಳಿಯಿತು. ಅಂತಹ ಚೌಕಟ್ಟುಗಳಲ್ಲಿ ಪ್ರಸಿದ್ಧವಾದ ಜ್ಯಾಂಗೊವನ್ನು ಆರಿಸಿಕೊಂಡು, ಅದರ ರೂಟಿಂಗ್ ಕ್ರಮದ ಗುಣದೋಷಗಳನ್ನು ಆಧಾರಗಳ ಸಂರಕ್ಷಣೆಯ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

2

ಸ್ವಿಟ್ಸರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್ ಲೀ ಅವರು ವೆಬ್ಬಿಗೆ ಮೂಲವಾದ ತಮ್ಮ ಸಲಹೆಯನ್ನು ಮುಂದಿಟ್ಟುದು 1989ರಲ್ಲಿ. ಯು.ಆರ್.ಎಲ್. ಎಂಬ ವಿಳಾಸದ ರೂಪವನ್ನು ನಿರೂಪಿಸುವ ಪತ್ರವು 1994ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆರಂಭದ ತಾಣಗಳಲ್ಲಿ ವಿಳಾಸವೆಂದರೆ ಸಾಮಾನ್ಯವಾಗಿ ಸರ್ವರ್ ಯಂತ್ರದಲ್ಲಿ ಕಡತವೊಂದು ಇರುವ ಸ್ಥಳ. ಯಾವ ಕಪಾಟು, ಯಾವ ಖಾನೆ, ಯಾವ ಕಡತ ಎಂಬ ಲೆಕ್ಕ. ಕಡತವನ್ನು ಮತ್ತೊಂದು ಖಾನೆಗೆ ಸರಿಸಿದರೆ ವಿಳಾಸವೂ ಬದಲಾಗುತ್ತಿತ್ತು. ಮುಂದೆ ಪುಟಗಳು ಸಿದ್ಧ ಕಡತಗಳಾಗಿರದೆ, ಕೇಳಿದಾಗ ದತ್ತಸಂಚಯದಿಂದ ಆಯ್ದು ರಚಿಸಲ್ಪಡುವ ಕಾಲ ಬಂದಿತು. ಆಗ ವಿಳಾಸಕ್ಕೂ ಕಡತಕ್ಕೂ ಇದ್ದ ನಂಟು ಕಡಿದುಹೋಯಿತು. ಬಂದ ವಿಳಾಸವನ್ನು ಓದಿ, ಅದಕ್ಕೆ ಉತ್ತರ ಕೊಡತಕ್ಕ ಕಾರ್ಯವಿಭಾಗ ಯಾವುದೆಂದು ನಿರ್ಣಯಿಸುವ ಮಧ್ಯವರ್ತಿಯೊಬ್ಬನು ಬೇಕಾದನು. ಆ ಮಧ್ಯವರ್ತಿಯ ಕೆಲಸವೇ ರೂಟಿಂಗ್.

ಜ್ಯಾಂಗೊ ಹುಟ್ಟಿದ್ದು ಒಂದು ವೃತ್ತಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಅವರು 2003ರಲ್ಲಿ ಇದನ್ನು ಪೈಥಾನ್ ಭಾಷೆಯಲ್ಲಿ ಕಟ್ಟತೊಡಗಿದರು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ಹೆಸರನ್ನು ಇದಕ್ಕಿಟ್ಟು, 2005ರ ಜುಲೈಯಲ್ಲಿ ಸಾರ್ವಜನಿಕರಿಗೆ ಒಪ್ಪಿಸಲಾಯಿತು. ಪತ್ರಿಕಾ ಕಚೇರಿಯ ಈ ಹುಟ್ಟುಗುಣ ಚೌಕಟ್ಟಿನಲ್ಲಿ ಇಂದಿಗೂ ಉಳಿದಿದೆ. ಲೇಖನದ ತಲೆಬರಹದಿಂದ ಮಾಡಿದ, ವಿಳಾಸದಲ್ಲಿ ಸೇರಿಸುವ ಕಿರುಹೆಸರನ್ನು ಅದು ‘ಸ್ಲಗ್’ ಎಂದು ಕರೆಯುತ್ತದೆ. ಇದು ಪತ್ರಿಕೆಯವರ ಪರಿಭಾಷೆ. ವರ್ಷ, ತಿಂಗಳು, ಕಿರುಹೆಸರು ಎಂಬ ಅನುಕ್ರಮದಲ್ಲಿ ವಿಳಾಸವನ್ನು ಜೋಡಿಸುವ ಉದಾಹರಣೆಯು ಅದರ ಕೈಪಿಡಿಯಲ್ಲಿ ಮೊದಲಿಗೇ ಬರುತ್ತದೆ.

3

ಈಗ ಅದರ ಕಾರ್ಯಕ್ರಮವನ್ನು ಸಂಗ್ರಹವಾಗಿ ನೋಡಬಹುದು. ತಾಣವನ್ನು ಕಟ್ಟುವವನು ಮೊದಲು ಒಂದು ಪಟ್ಟಿಯನ್ನು ಬರೆದಿಡಬೇಕು. ಪಟ್ಟಿಯ ಪ್ರತಿಯೊಂದು ಸಾಲಿನಲ್ಲಿ ಎರಡು ಅಂಶಗಳಿರುತ್ತವೆ: ಒಂದು, ವಿಳಾಸದ ಮಾದರಿ, ಮತ್ತೊಂದು, ಆ ಮಾದರಿಗೆ ಹೊಂದುವ ವಿಳಾಸ ಬಂದಾಗ ಉತ್ತರವನ್ನು ಸಿದ್ಧಪಡಿಸಬೇಕಾದ ಕಾರ್ಯವಿಭಾಗ. ಈ ಎರಡನೆಯದನ್ನು ‘ವ್ಯೂ’ ಎನ್ನುತ್ತಾರೆ. ಓದುಗನ ಬ್ರೌಸರಿನಿಂದ ಕೋರಿಕೆ ಬಂದೊಡನೆ ಚೌಕಟ್ಟು ವಿಳಾಸದಲ್ಲಿನ ತಾಣದ ಹೆಸರನ್ನೂ, ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನೂ ಬಿಟ್ಟು, ನಡುವಿನ ಹಾದಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಹೋಲಿಸುತ್ತ ಬರುತ್ತದೆ. ಮೊದಲು ಹೊಂದಿದ ಸಾಲಿನಲ್ಲಿಯೇ ನಿಂತು, ಅಲ್ಲಿ ಹೇಳಿದ ವ್ಯೂವಿಗೆ ಕೋರಿಕೆಯನ್ನು ಒಪ್ಪಿಸುತ್ತದೆ. ಯಾವ ಸಾಲೂ ಹೊಂದದಿದ್ದರೆ 404 ಎಂಬ ಉತ್ತರ ಹೊರಡುತ್ತದೆ.

ಮಾದರಿಯಲ್ಲಿ ಮಾರ್ಪಡದ ಭಾಗಗಳೂ ಮಾರ್ಪಡುವ ಭಾಗಗಳೂ ಇರಬಹುದು. ‘ಲೇಖನ’ ಎಂಬ ಮಾತು, ಓರೆಗೆರೆ, ಬಳಿಕ ವರ್ಷ ಎಂದು ಮಾದರಿಯಿದ್ದಲ್ಲಿ, ಲೇಖನ ಎಂಬುದು ಮಾರ್ಪಡದ ಭಾಗ. ವರ್ಷವು ಮಾರ್ಪಡುವ ಭಾಗ. ಮಾರ್ಪಡುವ ಭಾಗ ಯಾವ ಜಾತಿಯದೆಂಬುದನ್ನು ‘ಕನ್ವರ್ಟರ್’ ಎಂಬ ಸಾಧನದಿಂದ ಸೂಚಿಸಬೇಕು. ಚೌಕಟ್ಟಿನೊಡನೆ ಬರುವ ಕನ್ವರ್ಟರುಗಳು ಐದು: ಓರೆಗೆರೆಯೊಂದನ್ನುಳಿದು ಯಾವ ಅಕ್ಷರವನ್ನಾದರೂ ಒಪ್ಪುವುದು, ಅಂಕಿಗಳನ್ನು ಮಾತ್ರ ಒಪ್ಪುವುದು, ಸ್ಲಗ್ ಒಪ್ಪುವುದು, ಯು.ಯು.ಐ.ಡಿ. ಎಂಬ ದೀರ್ಘ ಗುರುತುಸಂಖ್ಯೆಯನ್ನು ಒಪ್ಪುವುದು, ಓರೆಗೆರೆಗಳ ಸಹಿತ ಇಡೀ ಹಾದಿಯನ್ನು ಒಪ್ಪುವುದು. 2017ರ ಡಿಸೆಂಬರಿನಲ್ಲಿ ಬಂದ ಎರಡನೆಯ ಮಹಾ ಆವೃತ್ತಿಯವರೆಗೆ ಈ ಮಾದರಿಗಳನ್ನೆಲ್ಲ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಸಂಕೇತಲಿಪಿಯಲ್ಲಿ ಬರೆಯಬೇಕಾಗಿತ್ತು. ಆ ಲಿಪಿ ಬಲಶಾಲಿಯಾದರೂ ಹೊಸಬರಿಗೆ ಕಬ್ಬಿಣದ ಕಡಲೆ. ಸರಳವಾದ ಕನ್ವರ್ಟರುಗಳು ಬಂದ ಮೇಲೆ ಪಟ್ಟಿಯನ್ನು ಅನ್ಯರೂ ಓದಿ ತಿಳಿಯುವಂತಾಯಿತು.

4

ಈ ಕ್ರಮದ ಗುಣಗಳನ್ನು ಮುಕ್ತಮನಸ್ಸಿನಿಂದ ಒಪ್ಪಬೇಕು. ಮೊದಲನೆಯದಾಗಿ, ವಿಳಾಸಗಳ ಪಟ್ಟಿ ಒಂದು ಕಡೆ, ಕೆಲಸ ಮಾಡುವ ವ್ಯೂಗಳು ಮತ್ತೊಂದು ಕಡೆ ಇರುವುದರಿಂದ, ಒಳಗಿನ ವ್ಯವಸ್ಥೆಯನ್ನು ಎಷ್ಟೇ ಬದಲಾಯಿಸಿದರೂ ಹೊರಗಿನ ವಿಳಾಸವನ್ನು ಹಾಗೆಯೇ ಉಳಿಸಿಕೊಳ್ಳಲು ಸಾಧ್ಯ. ಗ್ರಂಥಾಲಯದಲ್ಲಿ ಪುಸ್ತಕಗಳ ಕಪಾಟನ್ನು ಬದಲಾಯಿಸಿದರೂ ಸೂಚೀಪತ್ರದ ಕ್ರಮಸಂಖ್ಯೆ ಉಳಿಯುವಂತೆಯೇ ಇದು. ಕಡತದ ಸ್ಥಳವೇ ವಿಳಾಸವಾಗಿದ್ದ ಕಾಲಕ್ಕಿಂತ ಇದು ನಿಜವಾದ ಮುನ್ನಡೆ. ಎರಡನೆಯದಾಗಿ, ದೊಡ್ಡ ತಾಣದ ಪಟ್ಟಿಯನ್ನು ಚಿಕ್ಕ ಪಟ್ಟಿಗಳಾಗಿ ವಿಭಾಗಿಸಬಹುದು. ಮುಖ್ಯಪಟ್ಟಿಯು ವಿಳಾಸದ ಮೊದಲ ಭಾಗವನ್ನು ಹೋಲಿಸಿ, ಅದನ್ನು ಕತ್ತರಿಸಿ, ಉಳಿದುದನ್ನು ಉಪಪಟ್ಟಿಗೆ ಕಳುಹಿಸುತ್ತದೆ. ಮೂರನೆಯದಾಗಿ, ಪ್ರತಿ ಸಾಲಿಗೂ ಒಂದು ಹೆಸರನ್ನಿಟ್ಟು, ಆ ಹೆಸರಿನಿಂದಲೇ ವಿಳಾಸವನ್ನು ಪುನಃ ಪಡೆಯುವ ಸೌಕರ್ಯವುಂಟು. ‘ರಿವರ್ಸ್’ ಎಂಬುದು ಇದರ ಹೆಸರು. ತಾಣದ ಪುಟಗಳಲ್ಲಿ ಕೊಂಡಿಗಳನ್ನು ಕೈಯಿಂದ ಬರೆಯಬೇಕಾಗಿಲ್ಲ. ಹೆಸರು ಹೇಳಿದರೆ ಚೌಕಟ್ಟು ವಿಳಾಸವನ್ನು ತಾನೇ ರಚಿಸಿಕೊಡುತ್ತದೆ.

5

ಇನ್ನು ದೋಷಗಳು. ಪಟ್ಟಿಯ ಕ್ರಮವೇ ಪ್ರಮಾಣವೆಂಬ ನಿಯಮವು ಸರಳವಾದುದು. ಆದರೆ ಅದು ಅನವಧಾನವನ್ನು ಕ್ಷಮಿಸುವುದಿಲ್ಲ. ‘ಲೇಖನ’ದ ಮುಂದೆ ಯಾವ ಮಾತು ಬಂದರೂ ಒಪ್ಪುವ ಸಾಲೊಂದು ಮೇಲಿದ್ದು, ‘ಲೇಖನ, ಸೂಚಿ’ ಎಂಬ ನಿರ್ದಿಷ್ಟ ಸಾಲು ಅದರ ಕೆಳಗಿದ್ದರೆ, ಕೆಳಗಿನ ಸಾಲಿಗೆ ಎಂದೆಂದಿಗೂ ಸರದಿ ಬಾರದು. ‘ಸೂಚಿ’ ಎಂಬ ಹೆಸರಿನ ಲೇಖನವಿಲ್ಲವೆಂದು ಮೇಲಿನ ವ್ಯೂ 404 ಉತ್ತರವನ್ನಿತ್ತರೂ ಚೌಕಟ್ಟು ಹಿಂದಿರುಗಿ ಕೆಳಗಿನ ಸಾಲನ್ನು ನೋಡುವುದಿಲ್ಲ. ಒಂದು ಸಾಲು ಮತ್ತೊಂದನ್ನು ಮುಚ್ಚಿಹಾಕಿದೆಯೆಂಬ ಎಚ್ಚರಿಕೆಯನ್ನೂ ಕೊಡುವುದಿಲ್ಲ. 2010ರಲ್ಲಿ ಬಂದ ಫ್ಲಾಸ್ಕ್ ಎಂಬ ಮತ್ತೊಂದು ಪೈಥಾನ್ ಚೌಕಟ್ಟಿನ ಕ್ರಮ ಇದಕ್ಕಿಂತ ಭಿನ್ನ. ಅದರ ಆಧಾರವಾದ ವರ್ಕ್‌ಜಾಯ್ಗ್ ಗ್ರಂಥಾಲಯವು ಸಾಲುಗಳನ್ನು ಬರೆದ ಕ್ರಮವನ್ನೇ ನೆಚ್ಚದೆ, ಮಾರ್ಪಡದ ಭಾಗಗಳುಳ್ಳ ನಿರ್ದಿಷ್ಟ ಮಾದರಿಗೆ ಆದ್ಯತೆಯನ್ನು ತಾನೇ ಕೊಡುತ್ತದೆ. ಆದರೆ ಅಲ್ಲಿ ವಿಳಾಸಗಳನ್ನು ಆಯಾ ಕಾರ್ಯವಿಭಾಗದ ತಲೆಯ ಮೇಲೆಯೇ ಬರೆಯುವ ವಾಡಿಕೆಯಿರುವುದರಿಂದ, ತಾಣದ ವಿಳಾಸಗಳನ್ನೆಲ್ಲ ಒಂದೇ ಕಡೆ ಓದುವ ಸೌಲಭ್ಯ ಕಡಿಮೆಯಾಗುತ್ತದೆ. ಹೀಗೆ ಒಂದರ ಗುಣ ಮತ್ತೊಂದರ ಕೊರತೆ. ಈ ದೋಷವನ್ನು ಗುರುತರವೆಂದು ನಾನು ಎಣಿಸುವುದಿಲ್ಲ. ಎಚ್ಚರದಿಂದ ಬರೆದರೆ ಪರಿಹಾರವಾಗುವಂತಹುದು.

ಗುರುತರವಾದುದು ಬೇರೊಂದಿದೆ. ಬರ್ನರ್ಸ್ ಲೀ ಅವರು 1998ರಲ್ಲಿ ‘ಕೂಲ್ ಯು.ಆರ್.ಐ.ಸ್ ಡೋಂಟ್ ಚೇಂಜ್’ ಎಂಬ ಕಿರುಪ್ರಬಂಧವನ್ನು ಪ್ರಕಟಿಸಿದರು. ಒಳ್ಳೆಯ ವಿಳಾಸವು ಬದಲಾಗದು ಎಂಬುದೇ ಅದರ ತಾತ್ಪರ್ಯ. ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನರು ಅವುಗಳನ್ನು ಬದಲಾಯಿಸುತ್ತಾರೆ ಎಂಬುದು ಅಲ್ಲಿಯ ವಾದ. ಲೇಖಕನ ಹೆಸರು, ದಾಖಲೆಯ ಸ್ಥಿತಿ, ಕಡತದ ಜಾತಿಯನ್ನು ಸೂಚಿಸುವ ಬಾಲಾಕ್ಷರಗಳು ಮುಂತಾದ ಅಸ್ಥಿರ ಅಂಶಗಳನ್ನು ವಿಳಾಸದಲ್ಲಿ ಸೇರಿಸಬಾರದೆಂದೂ, ದಾಖಲೆ ಹುಟ್ಟಿದ ದಿನಾಂಕವು ಬದಲಾಗದ ಅಂಶವೆಂದೂ ಅವರು ಹೇಳಿದರು. ಜ್ಯಾಂಗೊ ಕೈಪಿಡಿಯ ರೂಟಿಂಗ್ ಅಧ್ಯಾಯವು ಈ ಪ್ರಬಂಧವನ್ನು ಗೌರವದಿಂದ ಹೆಸರಿಸುತ್ತದೆ. ಯಾವುದಕ್ಕೆ ಪ್ರಮಾಣವಾಗಿ? ವಿಳಾಸಗಳು ಚೊಕ್ಕವಾಗಿಯೂ ಬಳಕೆಗೆ ಯೋಗ್ಯವಾಗಿಯೂ ಇರಬೇಕೆಂಬುದಕ್ಕೆ. ಪ್ರಬಂಧದ ಮುಖ್ಯ ಪ್ರಮೇಯವಾದ ಸ್ಥಿರತೆಯ ಮಾತು ಹಿನ್ನೆಲೆಗೆ ಸರಿದಿದೆ. ಪ್ರಮಾಣಗ್ರಂಥದಿಂದ ತನಗೆ ಹಿತವಾದ ಅರ್ಧವನ್ನು ಮಾತ್ರ ಎತ್ತಿಕೊಳ್ಳುವ ಈ ಪದ್ಧತಿ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸತೇನಲ್ಲ.

ಇದು ಬರಿಯ ಉಲ್ಲೇಖದೋಷವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಚೌಕಟ್ಟಿನ ರಚನೆಯಲ್ಲಿಯೇ ಅದರ ಪರಿಣಾಮ ಕಾಣುತ್ತದೆ. ಮೇಲೆ ಹೊಗಳಿದ ರಿವರ್ಸ್ ಸೌಕರ್ಯವನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಒಂದು ಮಾದರಿಯನ್ನು ಬದಲಾಯಿಸಿದರೆ ಸಾಕು, ತಾಣದೊಳಗಿನ ಎಲ್ಲ ಕೊಂಡಿಗಳೂ ಹೊಸ ವಿಳಾಸಕ್ಕೆ ತಾವೇ ಹೊಂದಿಕೊಳ್ಳುತ್ತವೆ. ತಾಣವನ್ನು ಕಟ್ಟಿದವನು ಒಳಗೆ ಎಲ್ಲಿ ಒತ್ತಿ ನೋಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುರಿದುಹೋದುದು ಹೊರಗಿರುವ ಕೊಂಡಿ: ಮತ್ತೊಬ್ಬರ ಅಡಿಟಿಪ್ಪಣಿ, ಅಚ್ಚಾದ ಪುಸ್ತಕದ ಉಲ್ಲೇಖ, ವಿದ್ಯಾರ್ಥಿಯ ಟಿಪ್ಪಣಿಪುಸ್ತಕ. ಅವುಗಳನ್ನು ಯಾವ ಚೌಕಟ್ಟೂ ತಿದ್ದಲಾರದು. ಬದಲಾವಣೆಯ ನೋವು ಬದಲಾಯಿಸುವವನಿಗೆ ತಟ್ಟದಂತೆ ಮಾಡಿ, ಅದನ್ನು ದೂರದ ಓದುಗನ ಮೇಲೆ ಹೊರಿಸಿದಂತಾಯಿತು. ಪಟ್ಟಿಗೆ ವರ್ತಮಾನವೊಂದೇ ಗೊತ್ತು. ನಿನ್ನೆ ತಾನು ಯಾವ ವಿಳಾಸಗಳಿಗೆ ಓಗೊಟ್ಟಿದ್ದೆನೆಂಬ ನೆನಪು ಅದಕ್ಕಿಲ್ಲ.

ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಉಪಾಯ ಜ್ಯಾಂಗೊದಲ್ಲಿ ಇಲ್ಲವೆ? ಇದೆ. ಹಳೆಯ ಹಾದಿ, ಹೊಸ ಹಾದಿ ಎಂಬ ಎರಡು ಅಂಕಣಗಳ ಕೋಷ್ಟಕವನ್ನಿಟ್ಟುಕೊಂಡು, 404 ಉತ್ತರ ಹೊರಡುವ ಸಮಯದಲ್ಲಿ ಆ ಕೋಷ್ಟಕವನ್ನು ನೋಡಿ, 301 ಎಂಬ ಶಾಶ್ವತ ಸ್ಥಳಾಂತರದ ಉತ್ತರವನ್ನು ಕೊಡುವ ‘ರೀಡೈರೆಕ್ಟ್ಸ್’ ಎಂಬ ಘಟಕವಿದೆ. ಹೊಸ ಹಾದಿಯ ಅಂಕಣವನ್ನು ಖಾಲಿ ಬಿಟ್ಟರೆ ಅದು 410 ಎಂದು ಉತ್ತರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 404 ಎಂದರೆ ಸಿಕ್ಕಲಿಲ್ಲವೆಂದಷ್ಟೇ ಅರ್ಥ. 410 ಎಂದರೆ ಇದ್ದುದನ್ನು ತೆಗೆದುಹಾಕಲಾಗಿದೆಯೆಂದು ಅರ್ಥ. ಆಧಾರವೇ ಇರಲಿಲ್ಲ ಎನ್ನುವುದಕ್ಕೂ, ಆಧಾರವಿತ್ತು ಈಗ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಇತಿಹಾಸಕಾರರಿಗೆ ವಿವರಿಸಬೇಕಾಗಿಲ್ಲ. ನಮ್ಮ ವಿದ್ಯಾರ್ಥಿಗೆ ಕಂಡುದು 404ರ ಬದಲು 410 ಆಗಿದ್ದರೂ ಅವನ ಮಾತಿಗೆ ಒಬ್ಬ ಸಾಕ್ಷಿ ದೊರೆಯುತ್ತಿದ್ದನು.

ಆದರೆ ಹೊಸ ತಾಣವನ್ನು ಆರಂಭಿಸಿದಾಗ ಈ ಘಟಕ ತಾನಾಗಿ ಸೇರಿರುವುದಿಲ್ಲ, ಬೇಕೆಂದು ಸೇರಿಸಿಕೊಳ್ಳಬೇಕು. ಕೋಷ್ಟಕವನ್ನೂ ಕೈಯಿಂದಲೇ ತುಂಬಬೇಕು. ಸ್ಥಿರತೆಯು ತಾಣದ ಒಡೆಯನ ನೀತಿಗೆ ಸೇರಿದ ವಿಷಯ, ಚೌಕಟ್ಟು ಉಪಕರಣ ಮಾತ್ರವೆಂದು ಅದರ ಪಕ್ಷಪಾತಿಗಳು ಸಮಾಧಾನ ಹೇಳಬಹುದು. ಈ ಸಮಾಧಾನ ಪೂರ್ಣವಾಗಿ ಒಪ್ಪತಕ್ಕುದಲ್ಲ. ಏಕೆಂದರೆ ವಿಳಾಸದ ಕೊನೆಯ ಓರೆಗೆರೆಯನ್ನು ಓದುಗನು ಮರೆತಿದ್ದರೆ, ಆ ವಿಳಾಸ ಯಾವ ಮಾದರಿಗೂ ಹೊಂದದಿದ್ದಾಗ, ಓರೆಗೆರೆಯನ್ನು ಸೇರಿಸಿ ಅವನನ್ನು ಸರಿಯಾದ ಪುಟಕ್ಕೆ ಕಳುಹಿಸುವ ಸೌಜನ್ಯವನ್ನು ಚೌಕಟ್ಟು ಯಾರೂ ಕೇಳದೆಯೇ ತೋರಿಸುತ್ತದೆ. ಆ ಏರ್ಪಾಡು ಹೊಸ ತಾಣದಲ್ಲಿ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ. ಒಂದು ಗೆರೆಯನ್ನು ಮರೆತವನಿಗೆ ತೋರಿದ ದಾಕ್ಷಿಣ್ಯವನ್ನು, ನಿನ್ನೆಯ ವಿಳಾಸವನ್ನು ನಂಬಿ ಬಂದವನಿಗೆ ತೋರಿಸಿಲ್ಲ. ಆದುದರಿಂದ ಚೌಕಟ್ಟಿಗೆ ನೀತಿಯಿಲ್ಲವೆನ್ನುವುದು ಸರಿಯಲ್ಲ; ಅದರ ನೀತಿಯಲ್ಲಿ ಚೊಕ್ಕತನಕ್ಕೆ ಅಗ್ರಸ್ಥಾನ, ಸ್ಥಿರತೆಗೆ ಐಚ್ಛಿಕ ಸ್ಥಾನ.

6

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮತ್ತೊಂದು ತೊಡಕು ವಿಶೇಷವಾಗಿ ಸಂಬಂಧಿಸಿದೆ. ಸ್ಲಗ್ ಎಂಬ ಕನ್ವರ್ಟರ್ ಒಪ್ಪುವುದು ರೋಮನ್ ಅಕ್ಷರ, 0ಯಿಂದ 9ರವರೆಗಿನ ಅಂಕಿ, ಅಡ್ಡಗೆರೆ ಮತ್ತು ಅಡಿಗೆರೆಗಳನ್ನು ಮಾತ್ರ. ಕನ್ನಡ ಲಿಪಿಯ ಕಿರುಹೆಸರು ಬಂದರೆ ಆ ಸಾಲು ಹೊಂದುವುದೇ ಇಲ್ಲ. ಅಂಕಿಯ ಕನ್ವರ್ಟರ್ ಕೂಡ ೨೦೦೩ ಎಂದು ಕನ್ನಡ ಅಂಕಿಗಳಲ್ಲಿ ಬರೆದ ವರ್ಷವನ್ನು ತಿರಸ್ಕರಿಸುತ್ತದೆ.

ತಲೆಬರಹದಿಂದ ಸ್ಲಗ್ಗನ್ನು ತಯಾರಿಸುವ ಸಾಧನದ ಸಹಜ ವರ್ತನೆಯಂತೂ ಕನ್ನಡದ ಪ್ರತಿಯೊಂದು ಅಕ್ಷರವನ್ನೂ ಕಳೆದು, ಬರಿಯ ಶೂನ್ಯವನ್ನು ಕೈಗಿಡುತ್ತದೆ. ಯೂನಿಕೋಡ್ ಅಕ್ಷರಗಳಿಗೆ ಅನುಮತಿಯನ್ನೀಯುವ ಸೌಲಭ್ಯವು 2015ರ ಡಿಸೆಂಬರಿನ 1.9ನೆಯ ಆವೃತ್ತಿಯಲ್ಲಿ ಬಂದುದೇನೋ ನಿಜ. ಆದರೆ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಷನ್ ಘಟಕವು ‘ಪದದ ಅಕ್ಷರ’ವೆಂದು ಗಣಿಸುವುದರಲ್ಲಿ ನಮ್ಮ ಗುಣಿತಚಿಹ್ನೆಗಳೂ, ಅನುಸ್ವಾರವೂ, ಒತ್ತಕ್ಷರವನ್ನು ಕಟ್ಟುವ ವಿರಾಮಚಿಹ್ನೆಯೂ ಸೇರುವುದಿಲ್ಲ. ಅನುಮತಿ ಕೊಟ್ಟ ಮೇಲೂ ‘ಇತಿಹಾಸ’ವು ‘ಇತಹಸ’ವಾಗಿ ಹೊರಬರುತ್ತದೆ, ‘ಕನ್ನಡ’ವು ‘ಕನನಡ’ವಾಗುತ್ತದೆ. ಕಾಲ, ಕಲೆ, ಕುಲ, ಕೋಲು ಎಂಬ ನಾಲ್ಕು ಶೀರ್ಷಿಕೆಗಳಿಗೂ ‘ಕಲ’ ಎಂಬ ಒಂದೇ ಸ್ಲಗ್ ದೊರೆಯುತ್ತದೆ. ಬೇರೆಬೇರೆ ದಾಖಲೆಗಳಿಗೆ ಒಂದೇ ಗುರುತು ಬಂದ ಮೇಲೆ ಅದು ಗುರುತೆನಿಸಿಕೊಳ್ಳುವುದಾದರೂ ಹೇಗೆ? ಸರಿಯಾದ ರೂಪವನ್ನು ಕೈಯಿಂದ ಬರೆದುಕೊಟ್ಟರೂ ಸ್ಲಗ್ಗಿನ ಪರೀಕ್ಷೆಯು ಅದೇ ಕಾರಣದಿಂದ ಅದನ್ನು ಅಂಗೀಕರಿಸುವುದಿಲ್ಲ. ಪದದ ಅಕ್ಷರಗಳಲ್ಲಿ ಇಂತಹ ಚಿಹ್ನೆಗಳನ್ನೂ ಸೇರಿಸಬೇಕೆಂದು ಯೂನಿಕೋಡ್ ಸಂಸ್ಥೆಯ ಶಿಫಾರಸು ಇರುವಾಗ, ಈ ನ್ಯೂನತೆಗೆ ಸಮರ್ಥನೆ ದುರ್ಲಭ.

ಕನ್ನಡ ವಿಳಾಸಗಳೇ ಅಸಾಧ್ಯವೆಂದು ಇದರಿಂದ ತೀರ್ಮಾನಿಸಬಾರದು. ಕನ್ನಡ ವಿಕಿಪೀಡಿಯದಲ್ಲಿ ಲೇಖನದ ಕನ್ನಡ ಶೀರ್ಷಿಕೆಯೇ ವಿಳಾಸದ ಭಾಗವಾಗಿದೆ. ಶೀರ್ಷಿಕೆಯನ್ನು ಬದಲಾಯಿಸಿದಾಗ ಹಳೆಯ ಶೀರ್ಷಿಕೆಯಿಂದ ಹೊಸದಕ್ಕೆ ದಾರಿ ತೋರುವ ಗುರುತನ್ನು ಅಲ್ಲಿಯ ತಂತ್ರವು ರೂಢಿಯಾಗಿ ಉಳಿಸುತ್ತದೆ. ಜ್ಯಾಂಗೊದಲ್ಲಿಯೂ ಕನ್ನಡ ಲಿಪಿಯನ್ನು ಒಪ್ಪುವ ಸ್ವಂತ ಕನ್ವರ್ಟರನ್ನು ಕೆಲವೇ ಸಾಲುಗಳಲ್ಲಿ ಬರೆದುಕೊಳ್ಳಬಹುದು. ಆದರೆ ಒಂದು ವ್ಯಾವಹಾರಿಕ ಅಡಚಣೆಯುಂಟು. ಸಾಗಣೆಯಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆ ಸಹಿತ ಮೂರು ಅಕ್ಷರಗಳಾಗಿ ಬರೆಯಲ್ಪಡುತ್ತದೆ. ಆರು ಸಂಕೇತಗಳ ‘ಇತಿಹಾಸ’ ಎಂಬ ಮಾತು ಹೀಗೆ 54 ಅಕ್ಷರಗಳಷ್ಟು ಉದ್ದವಾಗುತ್ತದೆ. ಅಚ್ಚಿನ ಅಡಿಟಿಪ್ಪಣಿಯಲ್ಲಿ ಅದನ್ನು ಸೇರಿಸಿದರೆ ಓದುವವರೂ ಇಲ್ಲ, ತಪ್ಪಿಲ್ಲದೆ ನಕಲು ಮಾಡುವವರೂ ಇಲ್ಲ.

7

ಹಾಗಾದರೆ ನಮ್ಮಂತಹ ವಿಭಾಗಗಳು ತಮ್ಮ ಸೂಚಿಗಳನ್ನೂ ದಾಖಲೆಗಳನ್ನೂ ಇಡುವಾಗ ಅನುಸರಿಸತಕ್ಕ ಮಾರ್ಗವೇನು? ಇಲ್ಲಿ ನಮ್ಮ ಶಾಸನಶಾಸ್ತ್ರದ ಅನುಭವ ಉಪಯುಕ್ತವಾದೀತು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆ ಇವೆರಡೇ ಶಾಸನದ ಗುರುತಾಗಿ ರೂಢಿಗೆ ಬಂದುವು. ಶಿಕಾರಿಪುರದ ಇಂತಿಷ್ಟನೆಯ ಶಾಸನವೆಂದರೆ ವಿದ್ವಾಂಸರಿಗೆ ಸಾಕಾಗಿತ್ತು. 1972ರಿಂದ ಮೈಸೂರಿನಲ್ಲಿ ಪರಿಷ್ಕೃತ ಸಂಪುಟಗಳು ಹೊರಬರತೊಡಗಿದ ಮೇಲೆ ಸಂಖ್ಯೆಗಳು ಬದಲಾದುವು. ಆದುದರಿಂದಲೇ ಇಂದು ಯಾವ ಆವೃತ್ತಿಯ ಸಂಖ್ಯೆಯೆಂಬುದನ್ನು ಹೇಳದೆ ಉಲ್ಲೇಖಿಸುವುದು ಅಪೂರ್ಣವೆನಿಸುತ್ತದೆ. ಆದರೂ ಹಳೆಯ ಸಂಪುಟ ಗ್ರಂಥಾಲಯದಲ್ಲಿ ಇದ್ದೇ ಇದೆ. ಹಳೆಯ ಸಂಖ್ಯೆಯನ್ನು ಹಿಡಿದು ಬಂದವನು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ವೆಬ್ಬಿನಲ್ಲಿ ಹೊಸ ಪಟ್ಟಿಯು ಹಳೆಯದರ ಸ್ಥಾನದಲ್ಲಿಯೇ ಕುಳಿತು ಅದನ್ನು ಅಳಿಸಿಬಿಡುತ್ತದೆ. ವ್ಯತ್ಯಾಸವಿರುವುದು ಇಲ್ಲಿ.

ಈ ವಿವೇಚನೆಯಿಂದ ಮೂರು ನಿಯಮಗಳನ್ನು ಸೂಚಿಸಬಹುದು. ಮೊದಲನೆಯದು, ವಿಳಾಸವನ್ನು ನಿರ್ಣಯಿಸುವ ಅಂಶ ಸಂಖ್ಯೆಯಾಗಿರಲಿ. ಅದರ ಮುಂದೆ ಬರುವ ಕನ್ನಡ ಶೀರ್ಷಿಕೆ ಓದುಗನ ಅನುಕೂಲಕ್ಕಾಗಿ ಮಾತ್ರ ಇದ್ದು, ಅದು ತಪ್ಪಿದರೂ ಬಿಟ್ಟುಹೋದರೂ ದಾಖಲೆ ದೊರೆಯುವಂತಿರಲಿ. ಆ ಸಂಖ್ಯೆಯು ದತ್ತಸಂಚಯವು ತಾನಾಗಿ ಕೊಟ್ಟುದಾಗಿರದೆ, ವಿಭಾಗದ ದಾಖಲೆಪುಸ್ತಕದಲ್ಲಿ ನಮೂದಾದ ಸಂಖ್ಯೆಯಾಗಿರಬೇಕು. ಇಲ್ಲವಾದರೆ ದತ್ತಸಂಚಯವನ್ನು ಹೊಸದಾಗಿ ತುಂಬಿದ ದಿನ ಸಂಖ್ಯೆಗಳೂ ಕಲಸಿಹೋದಾವು. ಎರಡನೆಯದು, ಒಮ್ಮೆ ಪಟ್ಟಿಯಲ್ಲಿ ಬರೆದ ಸಾಲನ್ನು ಅಳಿಸಬಾರದು. ಅದನ್ನು ಹೊಸ ವಿಳಾಸಕ್ಕೆ ದಾರಿ ತೋರುವ ಸಾಲಾಗಿ ಪರಿವರ್ತಿಸಬೇಕು, ಅಥವಾ 410 ಎಂಬ ಉತ್ತರವನ್ನು ಕೊಡಿಸಬೇಕು. ಮೂರನೆಯದು, ಪ್ರಕಟವಾದ ಉಲ್ಲೇಖಗಳಲ್ಲಿ ಕಾಣುವ ವಿಳಾಸಗಳನ್ನು ಸಂಗ್ರಹಿಸಿಟ್ಟು, ಪಟ್ಟಿಯನ್ನು ತಿದ್ದಿದಾಗಲೆಲ್ಲ ಅವು ಇನ್ನೂ ತೆರೆಯುವುವೇ ಎಂದು ಪರೀಕ್ಷಿಸಬೇಕು. ಈ ಮೂರಕ್ಕೂ ಬೇಕಾದ ಉಪಕರಣಗಳು ಜ್ಯಾಂಗೊದಲ್ಲಿಯೇ ಇವೆ. ಕೊರತೆಯಾಗಿರುವುದು ಅವುಗಳನ್ನು ಬಳಸಬೇಕೆಂಬ ಪ್ರೇರಣೆ.

ಆ ವಿದ್ಯಾರ್ಥಿಯ ಪ್ರಬಂಧವು ಕಡೆಗೆ ಅಂಗೀಕೃತವಾಯಿತು. ತಾನು ನೋಡಿದ ದಿನ ಉಳಿಸಿಕೊಂಡಿದ್ದ ಪುಟಗಳ ಅಚ್ಚುಪ್ರತಿಗಳು ಅವನಲ್ಲಿದ್ದುವು. ಎಲ್ಲರಲ್ಲಿಯೂ ಅಷ್ಟು ಜಾಗರೂಕತೆಯನ್ನು ನಿರೀಕ್ಷಿಸಲಾಗದು. ಗಣಕಶಾಸ್ತ್ರದ ಅಧ್ಯಾಪಕರು ರೂಟಿಂಗ್ ಪಾಠವನ್ನು ಹೇಳುವಾಗ, ವಿಳಾಸವನ್ನು ಬರೆಯುವ ಕ್ರಮದೊಡನೆ ಅದನ್ನು ಉಳಿಸುವ ಹೊಣೆಯನ್ನೂ ಬೋಧಿಸುವರಾದರೆ, ಇತಿಹಾಸದ ವಿದ್ಯಾರ್ಥಿಗಳು ಅವರಿಗೆ ಋಣಿಗಳಾಗಿರುವರು.